ಪ್ರಶ್ನೋತ್ತರ: ಹೊರಗಿನ ಕೋಡಿಗೆ ಒಳಗಿನ ಕಾವಲು

ಪ್ರಾಜೆಕ್ಟಿಗೆ ಹೊರಗಿನಿಂದ ತಂದುಕೊಂಡ ಲೈಬ್ರರಿಗಳ ಭದ್ರತೆ ಮತ್ತು ಲೈಸೆನ್ಸ್ ಎರಡನ್ನೂ ತಾನಾಗಿ ಪರಿಶೀಲಿಸುವ ವ್ಯವಸ್ಥೆ ಹೇಗಿರಬೇಕು? ಈ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ನಾಲ್ಕು ಜನರ ತಂಡ. ನೋಡ್ ಜೆಎಸ್ ಪ್ರಾಜೆಕ್ಟು, ಕೋಡ್ ಗಿಟ್‌ಹಬ್‌ನಲ್ಲಿದೆ. ಲೈಬ್ರರಿಗಳನ್ನು ಏರಿಸಲು ಸೂಚಿಸುವ ಗಿಟ್‌ಹಬ್‌ನ ಬಾಟ್ ಡಿಪೆಂಡಬಾಟ್ ಹಾಕಿದ ಮೇಲೆ ದಿನಾ ಬೆಳಿಗ್ಗೆ ಪುಲ್ ರಿಕ್ವೆಸ್ಟುಗಳು (ಕೋಡ್ ಬದಲಾವಣೆಯ ಕೋರಿಕೆಗಳು) ಬಂದು ಬೀಳುತ್ತವೆ. ಈಗ ಯಾರೂ ಅವನ್ನು ತೆರೆದೂ ನೋಡುತ್ತಿಲ್ಲ. ತೆಗೆದುಹಾಕಿಬಿಡೋಣವೇ?
— ಡೆವಲಪರ್, ಮೈಸೂರು

ಉತ್ತರ: ತೆಗೆಯಬೇಡಿ, ಪಳಗಿಸಿಕೊಳ್ಳಿ. ಅದಕ್ಕೂ ಮೊದಲು ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಪ್ರತಿ ಲೈಬ್ರರಿಯ ನಿಖರ ವರ್ಷನ್ ದಾಖಲಿಸುವ ಪ್ಯಾಕೇಜ್-ಲಾಕ್ ಫೈಲು ಗಿಟ್‌ನಲ್ಲಿ ಇದೆಯೇ? ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ಸಿಐ ಸರ್ವರಿನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಓಡುತ್ತಿದೆಯೇ? ಪ್ಯಾಕೇಜ್ ಫೈಲಿಗೂ ಲಾಕ್ ಫೈಲಿಗೂ ತಾಳೆಯಾಗದಿದ್ದರೆ ಮೊದಲನೆಯ ಆಜ್ಞೆ ಲಾಕ್ ಫೈಲನ್ನು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ಎರಡನೆಯದು ತಿದ್ದುವುದಿಲ್ಲ, ಅಲ್ಲೇ ನಿಲ್ಲುತ್ತದೆ. ನಮಗೆ ಬೇಕಾದದ್ದು ಆ ನಿಲ್ಲುವ ಗುಣವೇ. ಲಾಕ್ ಫೈಲಿಲ್ಲದೆ ನಡೆಸಿದ ಪರಿಶೀಲನೆಗೆ ಬೆಲೆಯಿಲ್ಲ, ಪರೀಕ್ಷಿಸಿದ ಲೈಬ್ರರಿಯೇ ಗ್ರಾಹಕರ ಕೈಗೆ ಹೋಯಿತು ಎನ್ನಲು ಆಧಾರವೇ ಇರುವುದಿಲ್ಲ.

ಇನ್ನು ಡಿಪೆಂಡಬಾಟ್. ಅದು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ, ಬಹಳ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಸೆಕ್ಯುರಿಟಿ ಅಪ್‌ಡೇಟ್ ಬರುವುದು ನೀವು ಬಳಸುವ ಲೈಬ್ರರಿಯಲ್ಲಿ ದೋಷ ಪ್ರಕಟವಾದಾಗ ಮಾತ್ರ. ವರ್ಷನ್ ಅಪ್‌ಡೇಟ್ ಬರುವುದು ಹೊಸ ವರ್ಷನ್ ಬಂತು ಎಂಬ ಒಂದೇ ಕಾರಣಕ್ಕೆ. ನಿಮ್ಮನ್ನು ಕಾಡುತ್ತಿರುವುದು ಎರಡನೆಯದು. ಮೊದಲನೆಯದನ್ನು ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಟ್ಟು, ಎರಡನೆಯದನ್ನು ಡಾಟ್-ಗಿಟ್‌ಹಬ್ ಫೋಲ್ಡರಿನಲ್ಲಿರುವ ಡಿಪೆಂಡಬಾಟ್ ವೈಎಂಎಲ್ ಫೈಲಿನಲ್ಲಿ ಹೀಗೆ ಬಿಗಿ ಮಾಡಿ.

‘ಇಂಟರ್ವಲ್’ ಅನ್ನು ‘ವೀಕ್ಲಿ’ ಮಾಡಿ. ವಾರ ಸೋಮವಾರ, ಟೈಮ್‌ಝೋನ್ ‘ಏಷ್ಯಾ/ಕೋಲ್ಕತಾ’. ಸಮಯವನ್ನು ಉದ್ಧರಣ ಚಿಹ್ನೆಯೊಳಗೇ ಬರೆಯಿರಿ. ಹಳೆಯ ವೈಎಂಎಲ್ ನಿಯಮದಂತೆ ಬರಿ 10:30 ಎಂದರೆ ಅದನ್ನು 60ರ ಲೆಕ್ಕದ ಸಂಖ್ಯೆ ಎಂದು ಓದಿ 630 ಮಾಡಿಬಿಡುವ ಪಾರ್ಸರುಗಳಿವೆ. ನಂತರ ‘ಗ್ರೂಪ್ಸ್’ ಅಡಿ ಒಂದು ಗುಂಪು ಮಾಡಿ, ಅದರ ‘ಅಪ್‌ಡೇಟ್-ಟೈಪ್ಸ್’ನಲ್ಲಿ ಮೈನರ್ ಮತ್ತು ಪ್ಯಾಚ್ ಎರಡನ್ನು ಮಾತ್ರ ಸೇರಿಸಿ. ಇಪ್ಪತ್ತು ಸಣ್ಣ ಬದಲಾವಣೆಗಳು ಆಗ ಒಂದೇ ಪುಲ್ ರಿಕ್ವೆಸ್ಟಾಗಿ ಬರುತ್ತವೆ. ಮೇಜರ್ ವರ್ಷನ್‌ಗಳು ಒಂದೊಂದಾಗಿ ಬರಲಿ, ಅವುಗಳಿಗೆ ಮನುಷ್ಯರು ಕೂತು ಚೇಂಜ್‌ಲಾಗ್ ಓದಬೇಕು.

‘ಕೂಲ್‌ಡೌನ್’ ಎಂಬ ಆಯ್ಕೆಯಲ್ಲಿ 7 ದಿನ ಕೊಡಿ. ವರ್ಷನ್ ಬಿಡುಗಡೆಯಾಗಿ ವಾರವಾಗುವ ತನಕ ಬಾಟ್ ಅದನ್ನು ಮುಟ್ಟುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಚಾಕ್, ಡೀಬಗ್ ಮೊದಲಾದ ಎನ್‌ಪಿಎಂ ಪ್ಯಾಕೇಜುಗಳ ನಿರ್ವಾಹಕರೊಬ್ಬರು ಫಿಶಿಂಗ್ ಇಮೇಲಿಗೆ ಸಿಕ್ಕಿ, ಅವರ ಖಾತೆಯಿಂದ ದುಷ್ಟ ವರ್ಷನ್‌ಗಳು ಹೊರಬಿದ್ದವು. ಕೆಲವೇ ಗಂಟೆಗಳಲ್ಲಿ ಅವನ್ನು ತೆಗೆಯಲಾಯಿತು. ಅಂದು ಹೊಸದಕ್ಕೆ ಅವಸರಪಟ್ಟವರಿಗಷ್ಟೇ ಅಪಾಯವಿತ್ತು. ಸೆಕ್ಯುರಿಟಿ ಅಪ್‌ಡೇಟಿಗೆ ಈ ಕಾಯುವಿಕೆ ಅನ್ವಯಿಸುವುದಿಲ್ಲ, ಅದು ಸರಿಯೂ ಹೌದು.

ಏಕಕಾಲಕ್ಕೆ ತೆರೆದಿರಬಹುದಾದ ವರ್ಷನ್ ಅಪ್‌ಡೇಟುಗಳ ಮಿತಿ ಮೊದಲಿನಿಂದಲೇ 5 ಇರುತ್ತದೆ. ತಂಡಕ್ಕೆ ಈಗ ಒಂದನ್ನೂ ನೋಡಲು ಪುರುಸೊತ್ತಿಲ್ಲ ಎಂದಾದರೆ ‘ಓಪನ್-ಪುಲ್-ರಿಕ್ವೆಸ್ಟ್ಸ್-ಲಿಮಿಟ್’ ಅನ್ನು 0 ಮಾಡಿ. ವರ್ಷನ್ ಅಪ್‌ಡೇಟ್ ನಿಲ್ಲುತ್ತದೆ, ಸೆಕ್ಯುರಿಟಿ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಇಡೀ ಫೈಲನ್ನು ಅಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಡಿಪೆಂಡಬಾಟ್ ತೆರೆದ ಪುಲ್ ರಿಕ್ವೆಸ್ಟುಗಳಲ್ಲಿ ಮಾತ್ರ ಟೆಸ್ಟ್ ಫೇಲ್ ಆಗುತ್ತಿದ್ದರೆ ಲೈಬ್ರರಿಯನ್ನು ಬೈಯಬೇಡಿ. ಬಾಟ್ ಶುರುಮಾಡಿದ ವರ್ಕ್‌ಫ್ಲೋಗೆ ಗಿಟ್‌ಹಬ್‌ನ ಸಿಐ ವ್ಯವಸ್ಥೆಯಾದ ಆಕ್ಷನ್ಸ್‌ನ ಸೀಕ್ರೆಟ್‌ಗಳು (ಗುಪ್ತ ಕೀಲಿಗಳು) ಸಿಗುವುದಿಲ್ಲ, ಟೋಕನ್ ಕೂಡ ಓದುವುದಕ್ಕಷ್ಟೇ ಇರುತ್ತದೆ. ಟೆಸ್ಟಿಗೆ ಅಗತ್ಯವಿರುವ ಕೀಲಿಗಳನ್ನು ಸೆಟ್ಟಿಂಗ್ಸ್‌ನ ಡಿಪೆಂಡಬಾಟ್ ಸೀಕ್ರೆಟ್ಸ್ ವಿಭಾಗದಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಅಲ್ಲಿಗೆ ಪ್ರೊಡಕ್ಷನ್ ಕೀಲಿಯನ್ನು ಮಾತ್ರ ತರಬೇಡಿ.

ಪ್ರಶ್ನೆ: ‘ಎನ್‌ಪಿಎಂ ಆಡಿಟ್’ ಓಡಿಸಿದರೆ 40ಕ್ಕೂ ಹೆಚ್ಚು ‘ಹೈ’ ದೋಷ ತೋರಿಸಿ ಬಿಲ್ಡ್ ನಿಲ್ಲುತ್ತದೆ. ಬಹುತೇಕ ಎಲ್ಲವೂ ಬಿಲ್ಡ್ ಸಲಕರಣೆಗಳಲ್ಲಿವೆ. ಮ್ಯಾನೇಜರ್ ‘ಈ ಚೆಕ್ ಆರಿಸಿ, ಡೆಲಿವರಿ ಮೊದಲು’ ಅನ್ನುತ್ತಿದ್ದಾರೆ. ಏನು ಮಾಡಲಿ?
— ಟೀಮ್ ಲೀಡ್, ಹುಬ್ಬಳ್ಳಿ

ಉತ್ತರ: ಸಂಖ್ಯೆ ನೋಡಿ ಹೆದರಬೇಡಿ. ಆಳದ ಒಂದು ಪ್ಯಾಕೇಜಿನಲ್ಲಿ ದೋಷವಿದ್ದರೆ ಅದನ್ನು ಅವಲಂಬಿಸಿದ ಮೇಲಿನ ಪ್ಯಾಕೇಜುಗಳನ್ನೂ ಎನ್‌ಪಿಎಂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಪಟ್ಟಿ ಊದಿಕೊಂಡಿರುತ್ತದೆ, ಮೂಲ ಹುಡುಕಿದರೆ ಬೆರಳೆಣಿಕೆಯ ದೋಷಗಳು ಸಿಗುತ್ತವೆ. ‘ಎನ್‌ಪಿಎಂ ಎಲ್ಎಸ್’ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಯಾರ ಕೈ ಹಿಡಿದು ಒಳಗೆ ಬಂತೆಂದು ತೋರಿಸುತ್ತದೆ.

ಬಿಲ್ಡ್ ನಿಲ್ಲಿಸುವ ಚೆಕ್‌ಗೆ ‘ಆಡಿಟ್-ಲೆವೆಲ್’ ಅನ್ನು ‘ಹೈ’ ಮಾಡಿ, ‘ಒಮಿಟ್’ಗೆ ‘ಡೆವ್’ ಕೊಟ್ಟು ಬಿಲ್ಡ್ ಸಲಕರಣೆಗಳನ್ನು ಹೊರಗಿಡಿ. ಬಿಲ್ಡ್ ಸಲಕರಣೆಯೊಂದರ ರೆಗ್ಯುಲರ್ ಎಕ್ಸ್‌ಪ್ರೆಷನ್ ನಿಧಾನವಾಗಬಹುದೆಂಬ ಎಚ್ಚರಿಕೆಗೆ ಬಿಡುಗಡೆ ತಡೆಯುವುದರಲ್ಲಿ ಅರ್ಥವಿಲ್ಲ. ಆದರೆ ದೋಷವಿರುವ ಪ್ಯಾಕೇಜು ಬೇರೆ, ಬೇಕೆಂದೇ ವಿಷ ಬೆರೆಸಿದ ಪ್ಯಾಕೇಜು ಬೇರೆ. ಎರಡನೆಯದು ಡೆವ್ ಪಟ್ಟಿಯಲ್ಲಿದ್ದರೂ ಇನ್‌ಸ್ಟಾಲ್ ಆಗುವ ಹೊತ್ತಿಗೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದರ ಸ್ಕ್ರಿಪ್ಟ್ ಓಡಿರುತ್ತದೆ. ಎನ್‌ಪಿಎಂನ ಆರ್‌ಸಿ ಫೈಲಿನಲ್ಲಿ ‘ಇಗ್ನೋರ್-ಸ್ಕ್ರಿಪ್ಟ್ಸ್’ ಅನ್ನು ‘ಟ್ರೂ’ ಮಾಡುವುದು ಇದಕ್ಕೇ. ಮಾಡಿದ ಮೇಲೆ ನೇಟಿವ್ ಕೋಡ್ ಕಂಪೈಲ್ ಮಾಡಿಕೊಳ್ಳುವ ಕೆಲವು ಪ್ಯಾಕೇಜುಗಳು ಮುಷ್ಕರ ಹೂಡುತ್ತವೆ. ಅವುಗಳಿಗಷ್ಟೇ ‘ಇಗ್ನೋರ್-ಸ್ಕ್ರಿಪ್ಟ್ಸ್’ ಅನ್ನು ‘ಫಾಲ್ಸ್’ ಮಾಡಿ ‘ಎನ್‌ಪಿಎಂ ರೀಬಿಲ್ಡ್’ ಕೊಡಿ.

‘ಆಡಿಟ್ ಫಿಕ್ಸ್’ಗೆ ‘ಫೋರ್ಸ್’ ಸೇರಿಸುವ ಚಟ ಬಿಡಿ. ಅದು ಮೇಜರ್ ವರ್ಷನ್‌ಗಳನ್ನೂ ಹಾರಿಸಿಬಿಡುತ್ತದೆ, ಕೆಲವೊಮ್ಮೆ ಹಿಂದಕ್ಕೂ ಇಳಿಸುತ್ತದೆ. ಆಳದ ಪ್ಯಾಕೇಜು ಒಂದನ್ನೇ ಏರಿಸಬೇಕಿದ್ದರೆ ಪ್ಯಾಕೇಜ್ ಫೈಲಿನ ‘ಓವರ್‌ರೈಡ್ಸ್’ ಭಾಗದಲ್ಲಿ ಹೆಸರು, ವರ್ಷನ್ ಬರೆಯಿರಿ. ಯಾರ್ನ್ ಬಳಸುವವರಿಗೆ ಅದು ‘ರೆಸಲ್ಯೂಷನ್ಸ್’.

ಸರಿಪಡಿಸಲಾಗದ್ದು ಕೆಲವು ಉಳಿದೇ ಉಳಿಯುತ್ತವೆ. ಅವಕ್ಕೆ ವಿನಾಯಿತಿ ಕೊಡಿ, ಆದರೆ ಕಾರಣವಿಲ್ಲದ, ಗಡುವಿಲ್ಲದ ವಿನಾಯಿತಿ ಬೇಡ. ಎನ್‌ಪಿಎಂ ಆಡಿಟ್‌ನಲ್ಲಿ ಈ ಸೌಲಭ್ಯವಿಲ್ಲ. ಗೂಗಲ್‌ನ ಓಎಸ್‌ವಿ-ಸ್ಕ್ಯಾನರಿನಲ್ಲಿದೆ. ಅದರ ಟಾಮಲ್ ಫೈಲಿನಲ್ಲಿ ‘ಇಗ್ನೋರ್ಡ್ ವಲ್ನ್ಸ್’ ಅಡಿ ದೋಷದ ಗುರುತು, ‘ಇಗ್ನೋರ್ ಅಂಟಿಲ್’ ದಿನಾಂಕ, ‘ರೀಸನ್’ ಮೂರನ್ನೂ ಬರೆಯಬಹುದು. ದಿನಾಂಕ ದಾಟಿದೊಡನೆ ಚೆಕ್ ಮತ್ತೆ ಕೆಂಪಾಗುತ್ತದೆ. ನಿಮ್ಮ ಮ್ಯಾನೇಜರಿಗೆ ಹೇಳಬೇಕಾದದ್ದೂ ಇದನ್ನೇ: ಚೆಕ್ ಆರಿಸುವುದಿಲ್ಲ, ಈ ಐದು ದೋಷಗಳಿಗೆ 90 ದಿನ ಕೊಡುತ್ತೇವೆ, ಕಾರಣ ಇಲ್ಲಿದೆ, ಸಹಿ ಮಾಡಿ. ಸಹಿ ಎಂಬ ಮಾತು ಬಂದೊಡನೆ ಚರ್ಚೆಯ ಧಾಟಿ ಬದಲಾಗುವುದನ್ನು ನೀವೇ ನೋಡುತ್ತೀರಿ.

ಪುಲ್ ರಿಕ್ವೆಸ್ಟಿನ ಚೆಕ್ ಒಂದೇ ಸಾಲದು. ನೀವು ಒಂದು ಸಾಲೂ ಬದಲಿಸದಿದ್ದರೂ ನಿನ್ನೆಯ ಸುರಕ್ಷಿತ ಲೈಬ್ರರಿ ಇಂದು ದೋಷಪೂರಿತ ಎಂದು ಪ್ರಕಟವಾಗಬಹುದು. ಮುಖ್ಯ ಬ್ರಾಂಚಿನ ಮೇಲೆ ದಿನಕ್ಕೊಮ್ಮೆ ಅದೇ ಸ್ಕ್ಯಾನ್ ಓಡಿಸಿ. ಗಿಟ್‌ಹಬ್ ಆಕ್ಷನ್ಸ್‌ನ ಕ್ರಾನ್ (ನಿಗದಿತ ಓಟದ ವೇಳಾಪಟ್ಟಿ) ಲೆಕ್ಕ ಯುಟಿಸಿಯಲ್ಲಿರುತ್ತದೆ: ನಮ್ಮ ನಸುಕಿನ 2:30 ಎಂದರೆ ಅಲ್ಲಿ ಹಿಂದಿನ ದಿನದ 21:00. ಪಬ್ಲಿಕ್ ರೆಪೊದಲ್ಲಿ 60 ದಿನ ಚಟುವಟಿಕೆಯೇ ಇಲ್ಲದಿದ್ದರೆ ಗಿಟ್‌ಹಬ್ ಈ ನಿಗದಿತ ಓಟವನ್ನು ತಾನಾಗಿ ನಿಲ್ಲಿಸುತ್ತದೆ. ಯಾರೂ ಮುಟ್ಟದ ಹಳೆಯ ಪ್ರಾಜೆಕ್ಟಿಗೇ ಕಾವಲು ತಪ್ಪುವುದು ಹೀಗೆ.

ಪ್ರಶ್ನೆ: ಮೇವನ್ (ಜಾವಾದ ಬಿಲ್ಡ್ ಸಲಕರಣೆ) ಪ್ರಾಜೆಕ್ಟಿಗೆ ಓವಾಸ್ಪ್ ಡಿಪೆಂಡೆನ್ಸಿ-ಚೆಕ್ ಎಂಬ ದೋಷ ಹುಡುಕುವ ಸಲಕರಣೆ ಹಾಕಿದ್ದೇವೆ. ವರದಿಯಲ್ಲಿ ದೋಷ ಕಾಣಿಸುತ್ತದೆ, ಬಿಲ್ಡ್ ಮಾತ್ರ ಹಸಿರಾಗಿಯೇ ಇರುತ್ತದೆ. ಮೇಲಿಂದ ಬಹಳ ನಿಧಾನ.
— ಜಾವಾ ಡೆವಲಪರ್, ಬೆಂಗಳೂರು

ಉತ್ತರ: ‘ಫೇಲ್ ಬಿಲ್ಡ್ ಆನ್ ಸಿವಿಎಸ್‌ಎಸ್’ ಎಂಬ ಸೆಟ್ಟಿಂಗ್‌ಗೆ ನೀವು ಬೆಲೆ ಕೊಟ್ಟಿಲ್ಲ. ಅದರ ಸಹಜ ಬೆಲೆ 11. ದೋಷದ ತೀವ್ರತೆ ಅಳೆಯುವ ಸಿವಿಎಸ್‌ಎಸ್ ಅಂಕ 10ಕ್ಕೇ ಮುಗಿಯುವುದರಿಂದ ಬಿಲ್ಡ್ ಎಂದೂ ಬೀಳುವುದಿಲ್ಲ. 7 ಕೊಟ್ಟರೆ ‘ಹೈ’ ಮತ್ತು ‘ಕ್ರಿಟಿಕಲ್’ ಎರಡೂ ಸಿಕ್ಕಿಬೀಳುತ್ತವೆ.

ನಿಧಾನಕ್ಕೆ ಕಾರಣ, ಅಮೆರಿಕದ ರಾಷ್ಟ್ರೀಯ ದೋಷಕೋಶವಾದ ಎನ್‌ವಿಡಿಯ ದತ್ತಾಂಶವನ್ನು ಅದು ಪೂರ್ತಿ ಇಳಿಸಿಕೊಳ್ಳುವುದು. ಎನ್‌ವಿಡಿಯ ಎಪಿಐ ಕೀ ಉಚಿತ, ಪಡೆದು ಸೀಕ್ರೆಟ್ ಆಗಿ ಕೊಡಿ. ಇಳಿಸಿದ ದತ್ತಾಂಶದ ಫೋಲ್ಡರನ್ನು ಸಿಐ ಕ್ಯಾಷಿನಲ್ಲಿ ಉಳಿಸಿ. ಪ್ರತಿ ಬಿಲ್ಡೂ ಹೊಸದಾಗಿ ಇಳಿಸಲು ಹೊರಟರೆ ಎನ್‌ವಿಡಿಯೇ ನಿಮ್ಮನ್ನು ತಡೆಯುತ್ತದೆ.

ಈ ಸಲಕರಣೆ ಜಾರ್ ಫೈಲಿನ ಹೆಸರು, ಒಳಗಿನ ಮಾಹಿತಿ ನೋಡಿ ‘ಇದು ಇಂಥ ಉತ್ಪನ್ನ ಇರಬಹುದು’ ಎಂದು ಊಹಿಸುತ್ತದೆ. ಊಹೆ ತಪ್ಪಿದಾಗ ಸುಳ್ಳು ಎಚ್ಚರಿಕೆ ಬರುತ್ತದೆ. ಸಪ್ರೆಷನ್ ಎಕ್ಸ್‌ಎಂಎಲ್‌ನಲ್ಲಿ ಅದನ್ನು ಸುಮ್ಮನಾಗಿಸುವಾಗ ‘ಅಂಟಿಲ್’ ಗುಣದಲ್ಲಿ ದಿನಾಂಕ ಕೊಡಿ, ನೋಟ್ಸ್‌ನಲ್ಲಿ ಕಾರಣ ಬರೆಯಿರಿ. ಇಡೀ ಲೈಬ್ರರಿಗೆ ಮಾಫಿ ಕೊಡದೆ ಆ ಒಂದು ಸಿವಿಇಗೆ (ಗುರುತುಸಂಖ್ಯೆ ಪಡೆದ ದೋಷಕ್ಕೆ) ಮಾತ್ರ ಕೊಡಿ.

ಆಳದ ಜಾರ್ ಏರಿಸಲು ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಭಾಗ ಬಳಸಿ, ಏರಿತೋ ಇಲ್ಲವೋ ಎಂದು ‘ಡಿಪೆಂಡೆನ್ಸಿ:ಟ್ರೀ’ಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. 2021ರ ಡಿಸೆಂಬರಿನ ಲಾಗ್4ಶೆಲ್ ದೋಷ, ಅಂದರೆ ಸಿವಿಇ-2021-44228, ಹೊರಬಿದ್ದಾಗ ಅದೇ ತಿಂಗಳಲ್ಲಿ ಲಾಗ್ ಬರೆಯುವ ಜಾವಾ ಲೈಬ್ರರಿ ಲಾಗ್4ಜೆ 2.15.0ರಿಂದ 2.16.0, 2.17.0, 2.17.1ರ ತನಕ ಏರಬೇಕಾಯಿತು. ಬೇರೆ ಜಾರ್‌ನ ಹೊಟ್ಟೆಯೊಳಗೆ ಲಾಗ್4ಜೆಯನ್ನು ಕಟ್ಟಿಟ್ಟಿದ್ದವರಿಗೆ ಪೋಮ್ ಫೈಲಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಆದ್ದರಿಂದ ಸೋರ್ಸ್ ಒಂದನ್ನೇ ಸ್ಕ್ಯಾನ್ ಮಾಡಿ ಬಿಡಬೇಡಿ. ಬಿಲ್ಡ್ ಆಗಿ ಹೊರಬಂದ ವಾರ್ ಫೈಲು ಅಥವಾ ಡಾಕರ್ ಇಮೇಜನ್ನೂ ಟ್ರಿವಿ ಅಥವಾ ಗ್ರೈಪ್ ಸ್ಕ್ಯಾನರಿನಿಂದ ನೋಡಿ.

ಪ್ರಶ್ನೆ: ಲೈಸೆನ್ಸ್ ಚೆಕ್‌ಗೆ ಯಾವ ಲೈಸೆನ್ಸುಗಳನ್ನು ಒಪ್ಪಬೇಕು, ಯಾವುದನ್ನು ತಡೆಯಬೇಕು? ನಮ್ಮ ಸಾಫ್ಟ್‌ವೇರ್ ನಮ್ಮ ಸರ್ವರಿನಲ್ಲೇ ಓಡುತ್ತದೆ, ಯಾರಿಗೂ ಕೋಡ್ ಕೊಡುವುದಿಲ್ಲ. ಹಾಗಿದ್ದರೂ ಈ ತಲೆನೋವು ಬೇಕೆ?
— ಸ್ಟಾರ್ಟಪ್ ಸಹಸಂಸ್ಥಾಪಕಿ, ಮಂಗಳೂರು

ಉತ್ತರ: ಬೇಕು. ‘ಯಾರಿಗೂ ಕೊಡುವುದಿಲ್ಲ’ ಎಂಬುದೇ ಪೂರ್ತಿ ನಿಜವಲ್ಲ. ನಿಮ್ಮ ವೆಬ್ ಪುಟದ ಜಾವಾಸ್ಕ್ರಿಪ್ಟ್ ಬಳಕೆದಾರರ ಬ್ರೌಸರಿಗೆ ಇಳಿಯುತ್ತದೆ, ಮೊಬೈಲ್ ಆ್ಯಪ್ ಅವರ ಫೋನಿಗೆ ಇಳಿಯುತ್ತದೆ. ಎರಡೂ ವಿತರಣೆಯೇ. ಎಂಐಟಿ, ಬಿಎಸ್‌ಡಿಯಂಥ ಸಡಿಲ ಲೈಸೆನ್ಸುಗಳೂ ತಮ್ಮ ಹಕ್ಕುಸ್ವಾಮ್ಯದ ಸಾಲುಗಳನ್ನು ಜೊತೆಗಿಡಿ ಎನ್ನುತ್ತವೆ. ವೆಬ್‌ಪ್ಯಾಕ್‌ನ ಟರ್ಸರ್ ಪ್ಲಗಿನ್ ಆ ಸಾಲುಗಳನ್ನು ಪ್ರತ್ಯೇಕ ಲೈಸೆನ್ಸ್ ಟೆಕ್ಸ್ಟ್ ಫೈಲಾಗಿ ತೆಗೆದಿಡುತ್ತದೆ. ‘ಇದೇನು ಕಸ’ ಎಂದು ಡಿಪ್ಲಾಯ್ ಸ್ಕ್ರಿಪ್ಟಿನಲ್ಲಿ ಅದನ್ನು ಅಳಿಸುವವರು ಕಡಿಮೆಯಿಲ್ಲ. ಅಪಾಚೆ-2.0 ಇದ್ದಲ್ಲಿ ನೋಟಿಸ್ ಫೈಲ್ ಇದ್ದರೆ ಅದನ್ನೂ ಮುಂದಕ್ಕೆ ಒಯ್ಯಬೇಕು.

ಇನ್ನು ಸರ್ವರ್ ಮಾತು. ಸೋರ್ಸ್ ಕೊಡಬೇಕೆನ್ನುವ ಸಾಮಾನ್ಯ ಜಿಪಿಎಲ್‌ನ ಕಟ್ಟುಪಾಡು ವಿತರಿಸಿದಾಗ ಶುರುವಾಗುತ್ತದೆ. ಎಜಿಪಿಎಲ್‌ನ 13ನೇ ಕಲಮು ಹಾಗಲ್ಲ: ಆ ಪ್ರೋಗ್ರಾಮನ್ನು ಮಾರ್ಪಡಿಸಿ ನೆಟ್‌ವರ್ಕ್ ಮೂಲಕ ಜನರಿಗೆ ಬಳಸಲು ಕೊಟ್ಟರೂ ಅವರಿಗೆ ಸೋರ್ಸ್ ದೊರೆಯುವಂತೆ ಮಾಡಬೇಕು. ಜಾವಾದಲ್ಲಿ ಪಿಡಿಎಫ್ ಬಿಲ್ಲು ತಯಾರಿಸಲು ಬಳಸುವ ಐಟೆಕ್ಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2.1.7ರ ತನಕ ಅದು ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಅಡಿಯಲ್ಲಿತ್ತು, 5ರಿಂದ ಎಜಿಪಿಎಲ್ ಅಥವಾ ಹಣ ಕೊಟ್ಟು ಪಡೆಯುವ ಲೈಸೆನ್ಸ್. ‘ಹಳೆಯದು ಯಾಕೆ’ ಎಂದು ಯಾರೋ ಕೈಯಾರೆ ಏರಿಸಿರುತ್ತಾರೆ. ಹಳೆಯ ಕವಲಿನಿಂದ ಮುಂದುವರಿದ ಓಪನ್‌ಪಿಡಿಎಫ್ ಇಂದಿಗೂ ಎಲ್‌ಜಿಪಿಎಲ್, ಎಂಪಿಎಲ್‌ನಲ್ಲೇ ಇದೆ.

ತಡೆಯುವ ಪಟ್ಟಿ ಮಾಡಬೇಡಿ, ಒಪ್ಪುವ ಪಟ್ಟಿ ಮಾಡಿ. ಜಗತ್ತಿನ ಬೇಡದ ಲೈಸೆನ್ಸುಗಳನ್ನೆಲ್ಲ ಹೆಸರಿಸಿ ಮುಗಿಸಲಾಗದು. ಎಂಐಟಿ, ಐಎಸ್‌ಸಿ, ಬಿಎಸ್‌ಡಿ-2-ಕ್ಲಾಝ್, ಬಿಎಸ್‌ಡಿ-3-ಕ್ಲಾಝ್, ಅಪಾಚೆ-2.0, 0ಬಿಎಸ್‌ಡಿ, ಸಿಸಿ0-1.0 ಇಷ್ಟರಿಂದ ಶುರುಮಾಡಿ. ಎಂಪಿಎಲ್-2.0, ಎಲ್‌ಜಿಪಿಎಲ್ ಬಂದಾಗ ಚೆಕ್ ನಿಲ್ಲಲಿ, ಒಬ್ಬರು ಕೂತು ಓದಿ ನಿರ್ಧರಿಸಲಿ. ಹೆಸರುಗಳನ್ನು ಲೈಸೆನ್ಸುಗಳ ಪ್ರಮಾಣಿತ ಪಟ್ಟಿಯಾದ ಎಸ್‌ಪಿಡಿಎಕ್ಸ್ ಪಟ್ಟಿಯಲ್ಲಿರುವಂತೆ ಅಕ್ಷರಶಃ ಬರೆಯಿರಿ.

ಪಬ್ಲಿಕ್ ರೆಪೊ ಆಗಿದ್ದರೆ ಗಿಟ್‌ಹಬ್‌ನ ಡಿಪೆಂಡೆನ್ಸಿ-ರಿವ್ಯೂ ಆಕ್ಷನ್ ಸಾಕು. ಅದರ ‘ಅಲೋ-ಲೈಸೆನ್ಸಸ್’ನಲ್ಲಿ ಪಟ್ಟಿ ಕೊಟ್ಟರೆ ಪುಲ್ ರಿಕ್ವೆಸ್ಟು ಹೊಸದಾಗಿ ತಂದದ್ದನ್ನು ಮಾತ್ರ ನೋಡುತ್ತದೆ, ಹಳೆಯ ಸಾಲಕ್ಕೆ ಹೊಸಬರನ್ನು ಹಿಡಿಯುವುದಿಲ್ಲ. ಪ್ರೈವೇಟ್ ರೆಪೊದಲ್ಲಿ ಇದಕ್ಕೆ ಗಿಟ್‌ಹಬ್‌ನ ಪ್ರತ್ಯೇಕ ಪಾವತಿ ಯೋಜನೆ ಬೇಕು. ಬೇಡವೆಂದರೆ ಲೈಸೆನ್ಸ್-ಚೆಕರ್ ಎಂಬ ಎನ್‌ಪಿಎಂ ಸಲಕರಣೆ ಇದೆ. ಮೂಲದ್ದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ, ಅದರ ಆರ್‌ಸೈಡೆಲ್‌ಸೋನ್ ಕವಲನ್ನು ಬಳಸಿ. ‘ಓನ್ಲಿ ಅಲೋ’ ಪಟ್ಟಿಯಲ್ಲಿ ಹೆಸರುಗಳ ನಡುವೆ ಅರ್ಧವಿರಾಮ ಇರಬೇಕು. ಅಲ್ಪವಿರಾಮ ಹಾಕಿದರೆ ಇಡೀ ಪಟ್ಟಿಯೇ ಒಂದು ಹೆಸರು ಎಂದುಕೊಂಡು ಎಲ್ಲವನ್ನೂ ತಿರಸ್ಕರಿಸುತ್ತದೆ.

ಮೊದಲ ಓಟದಲ್ಲೇ ‘ಅನ್‌ಲೈಸೆನ್ಸ್ಡ್’ ಎಂದು ಕೆಂಪಾದರೆ ಗಾಬರಿ ಬೇಡ. ‘ಪ್ರೈವೇಟ್’ ಎಂದು ಗುರುತಿಸಿದ ನಿಮ್ಮದೇ ಪ್ರಾಜೆಕ್ಟು ಅದು. ‘ಎಕ್ಸ್‌ಕ್ಲೂಡ್ ಪ್ರೈವೇಟ್ ಪ್ಯಾಕೇಜಸ್’ ಕೊಟ್ಟರೆ ಸರಿಹೋಗುತ್ತದೆ. ಹೊರಗಿನ ಪ್ಯಾಕೇಜಿನ ಮುಂದೆ ಅದೇ ಕಾಣಿಸಿದರೆ ಮಾತ್ರ ನಿಲ್ಲಿ. ಎನ್‌ಪಿಎಂನಲ್ಲಿ ‘ಅನ್‌ಲೈಸೆನ್ಸ್ಡ್’ ಎಂದರೆ ಯಾರಿಗೂ ಯಾವ ಹಕ್ಕೂ ಇಲ್ಲ, ‘ಅನ್‌ಲೈಸೆನ್ಸ್’ ಎಂದರೆ ಎಲ್ಲ ಹಕ್ಕೂ ಎಲ್ಲರಿಗೂ. ಕೊನೆಯ ಒಂದೇ ಅಕ್ಷರದಲ್ಲಿ ಎರಡೂ ತಿರುವುಮುರುವು. ಲೈಸೆನ್ಸ್ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆಯಿದ್ದರೆ ಅದನ್ನು ಸಲಕರಣೆ ಫೈಲ್ ಓದಿ ಊಹಿಸಿದೆ ಎಂದರ್ಥ, ನೀವೇ ತೆರೆದು ನೋಡಿ.

‘ಎಂಐಟಿ ಆರ್ ಜಿಪಿಎಲ್’ ಎಂದಿದ್ದರೆ ಆಯ್ಕೆ ನಿಮ್ಮದು, ‘ಆ್ಯಂಡ್’ ಎಂದಿದ್ದರೆ ಎರಡನ್ನೂ ಪಾಲಿಸಬೇಕು. ಮೇವನ್‌ನವರಿಗೆ ಕಷ್ಟ ಬೇರೆ: ಪೋಮ್‌ನಲ್ಲಿ ಒಂದೇ ಅಪಾಚೆ ಲೈಸೆನ್ಸನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಲೈಸೆನ್ಸ್-ಮೇವನ್-ಪ್ಲಗಿನ್‌ನ ‘ಲೈಸೆನ್ಸ್ ಮರ್ಜಸ್’ನಲ್ಲಿ ಅವನ್ನೆಲ್ಲ ಒಂದೇ ಹೆಸರಿನಡಿ ತನ್ನಿ, ಲೈಸೆನ್ಸೇ ಬರೆಯದ ಜಾರ್ ಬಂದಾಗ ಬಿಲ್ಡ್ ನಿಲ್ಲಲು ‘ಫೇಲ್ ಆನ್ ಮಿಸ್ಸಿಂಗ್’ ಆನ್ ಮಾಡಿ.

ವಿವಾದದ ಸಂದರ್ಭ ಬಂದರೆ ವಕೀಲರೇ ಬೇಕು. ಈ ಚೆಕ್ ಅವರ ಮುಂದಿಡಬೇಕಾದ ಪಟ್ಟಿಯನ್ನು ಚಿಕ್ಕದು ಮಾಡುತ್ತದೆ.

ಪ್ರಶ್ನೆ: ಫ್ಲಟರ್‌ನಲ್ಲಿ ಕನ್ನಡ ಪದಕೋಶದ ಆ್ಯಪ್ ಮಾಡುತ್ತಿದ್ದೇನೆ. ಎಲ್ಲ ಪ್ಯಾಕೇಜುಗಳೂ ಬಿಎಸ್‌ಡಿ ಅಥವಾ ಎಂಐಟಿ ಎಂದು ಸ್ಕ್ಯಾನರ್ ಹೇಳುತ್ತದೆ. ಇಷ್ಟು ಸಾಕೇ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಸಾಲದು. ಸ್ಕ್ಯಾನರ್ ನೋಡುವುದು ಪಬ್‌ಸ್ಪೆಕ್ ಲಾಕ್‌ನಲ್ಲಿರುವುದನ್ನು. ನಿಮ್ಮ ಅಸೆಟ್ಸ್ ಫೋಲ್ಡರಿನ ಫಾಂಟು, ಪದಗಳ ದತ್ತಾಂಶ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ 2 ಮುಂತಾದವು ಓಎಫ್‌ಎಲ್-1.1 ಅಡಿಯಲ್ಲಿವೆ: ಆ್ಯಪಿನೊಳಗೆ ಸೇರಿಸಬಹುದು, ಆ್ಯಪ್ ಮಾರಲೂಬಹುದು, ಫಾಂಟೊಂದನ್ನೇ ಮಾರುವಂತಿಲ್ಲ, ಲೈಸೆನ್ಸ್ ಪಠ್ಯ ಜೊತೆಗಿರಬೇಕು. ಆ ಪಠ್ಯವನ್ನು ‘ಲೈಸೆನ್ಸ್ ರಿಜಿಸ್ಟ್ರಿ’ಯ ‘ಆ್ಯಡ್ ಲೈಸೆನ್ಸ್’ ಮೂಲಕ ಸೇರಿಸಿದರೆ ‘ಶೋ ಲೈಸೆನ್ಸ್ ಪೇಜ್’ನಲ್ಲಿ ಉಳಿದವುಗಳೊಂದಿಗೆ ತಾನಾಗಿ ಕಾಣಿಸುತ್ತದೆ.

ಪದಕೋಶದ ದತ್ತಾಂಶ ಎಲ್ಲಿಂದ ತಂದಿರಿ? ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ದತ್ತಾಂಶ ಓಡಿಬಿಎಲ್ ಅಡಿಯಲ್ಲಿದೆ. ಅದಕ್ಕೆ ನೀವು ಪದ ಸೇರಿಸಿ ತಿದ್ದಿ ಸಾರ್ವಜನಿಕವಾಗಿ ಬಳಸಿದರೆ ತಿದ್ದಿದ ದತ್ತಾಂಶವನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ವಿಕಿಪೀಡಿಯದ ಪಠ್ಯವಾದರೆ ಸಿಸಿ ಬಿವೈ-ಎಸ್‌ಎ 4.0, ಮೂಲ ಹೆಸರಿಸಲೇಬೇಕು. ಯಾವುದೋ ಜಾಲತಾಣದಿಂದ ‘ಸಿಕ್ಕ’ ಎಕ್ಸೆಲ್ ಫೈಲಿಗೆ ಲೈಸೆನ್ಸೇ ಇಲ್ಲವೆಂದರೆ ಅನುಮತಿಯೂ ಇಲ್ಲ. ಅಸೆಟ್ಸ್ ಫೋಲ್ಡರಿನ ಪ್ರತಿ ಫೈಲಿಗೂ ಪಕ್ಕದಲ್ಲೇ ಒಂದು ಡಾಟ್-ಲೈಸೆನ್ಸ್ ಫೈಲು ಇಡುವುದು ರೀಯೂಸ್ ಪದ್ಧತಿ. ‘ರೀಯೂಸ್ ಲಿಂಟ್’ ಆಜ್ಞೆಯನ್ನು ಸಿಐಗೆ ಸೇರಿಸಿದರೆ ಬಿಟ್ಟುಹೋದದ್ದನ್ನು ಅದೇ ಹೇಳುತ್ತದೆ.

ಪ್ರಶ್ನೆ: ನಮ್ಮ ಗ್ರಾಹಕರು ಒಂದು ಷೇರು ದಲ್ಲಾಳಿ ಸಂಸ್ಥೆ. ಎಸ್‌ಬಾಮ್ (ಸಾಫ್ಟ್‌ವೇರಿನಲ್ಲಿರುವ ಘಟಕಗಳ ಪಟ್ಟಿ) ಕೊಡಿ ಎನ್ನುತ್ತಿದ್ದಾರೆ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಕಳಿಸಿದರೆ ನಡೆಯುತ್ತದೆಯೇ?
— ಪ್ರಾಜೆಕ್ಟ್ ಮ್ಯಾನೇಜರ್, ಬೆಂಗಳೂರು

ಉತ್ತರ: ನಡೆಯದು, ಯಂತ್ರ ಓದುವಂಥ ರೂಪ ಬೇಕು. ಸೆಬಿಯ 2024ರ ಆಗಸ್ಟ್ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ಎಸ್‌ಬಾಮ್ ಪ್ರಸ್ತಾಪವಿದೆ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಅವರು ಕೇಳುತ್ತಿರುವುದು ಸುಮ್ಮನೆ ಅಲ್ಲ. ಸೈಕ್ಲೋನ್‌ಡಿಎಕ್ಸ್, ಎಸ್‌ಪಿಡಿಎಕ್ಸ್ ಎಂಬ ಎರಡು ರೂಪಗಳಲ್ಲಿ ಯಾವುದು ಬೇಕೆಂದು ಕೇಳಿಕೊಳ್ಳಿ. ಹೊಸ ಎನ್‌ಪಿಎಂನಲ್ಲಿ ‘ಎನ್‌ಪಿಎಂ ಎಸ್‌ಬಾಮ್’ ಎರಡನ್ನೂ ಕೊಡುತ್ತದೆ. ಡಾಕರ್ ಇಮೇಜಿಗೆ ಸಿಫ್ಟ್ ಎಂಬ ಸಲಕರಣೆ ಬಳಸಿ, ಆಗ ಆಪರೇಟಿಂಗ್ ಸಿಸ್ಟಮ್ಮಿನ ಪ್ಯಾಕೇಜುಗಳೂ ಪಟ್ಟಿಗೆ ಬರುತ್ತವೆ. ಗ್ರಾಹಕರು ಕೇಳಿದ ದಿನ ತಯಾರಿಸಬೇಡಿ. ಪ್ರತಿ ಬಿಡುಗಡೆಯ ಬಿಲ್ಡಿನಲ್ಲೇ ಅದು ಹುಟ್ಟಿ, ಆ ವರ್ಷನ್ ಸಂಖ್ಯೆಯೊಡನೆ ಸೇರಿಕೊಂಡಿರಲಿ. ಆರು ತಿಂಗಳ ಹಿಂದಿನ ಬಿಡುಗಡೆಯಲ್ಲಿ ಏನಿತ್ತೆಂದು ಇಂದಿನ ರೆಪೊ ನೋಡಿ ಹೇಳಲಾಗದು.

ಪ್ರಶ್ನೆ: ಪೈಥಾನ್‌ಗೆ ಏನು ಬಳಸಬೇಕು?
— ಓದುಗರು, ಕಲಬುರಗಿ

ಉತ್ತರ: ‘ಪಿಪ್-ಕಂಪೈಲ್’ಗೆ ‘ಜನರೇಟ್-ಹ್ಯಾಷಸ್’ ಕೊಟ್ಟು ಹ್ಯಾಷ್‌ಗಳಿರುವ (ಬೆರಳಚ್ಚಿನಂಥ ಗುರುತುಗಳಿರುವ) ರಿಕ್ವೈರ್‌ಮೆಂಟ್ಸ್ ಫೈಲ್ ತಯಾರಿಸಿ, ಇನ್‌ಸ್ಟಾಲ್ ಮಾಡುವಾಗ ‘ರಿಕ್ವೈರ್-ಹ್ಯಾಷಸ್’ ಕೊಡಿ. ದೋಷಕ್ಕೆ ಪಿಪ್-ಆಡಿಟ್, ಲೈಸೆನ್ಸಿಗೆ ಪಿಪ್-ಲೈಸೆನ್ಸಸ್. ಎರಡನೆಯದು ಇನ್‌ಸ್ಟಾಲ್ ಆದದ್ದನ್ನು ಓದುತ್ತದೆ, ಹಾಗಾಗಿ ಪ್ರಾಜೆಕ್ಟಿನ ವರ್ಚುವಲ್ ಎನ್ವಿರಾನ್‌ಮೆಂಟಿನೊಳಗೇ ಓಡಿಸಿ.

ಪ್ರಶ್ನೆ: ಈ ಪರಿಶೀಲನೆ ನಡೆಸುವ ಆಕ್ಷನ್‌ಗಳನ್ನೇ ನಂಬಬಹುದೇ?
— ಡೆವ್‌ಆಪ್ಸ್ ಎಂಜಿನಿಯರ್, ಬೆಳಗಾವಿ

ಉತ್ತರ: ಟ್ಯಾಗ್ ನಂಬಬೇಡಿ. 2025ರ ಮಾರ್ಚಿನಲ್ಲಿ ಟಿಜೆ-ಆಕ್ಷನ್ಸ್‌ನ ‘ಚೇಂಜ್ಡ್-ಫೈಲ್ಸ್’ ಆಕ್ಷನ್ನಿನ ಹಳೆಯ ಟ್ಯಾಗುಗಳನ್ನೇ ದುಷ್ಟ ಕಮಿಟ್‌ಗೆ ತಿರುಗಿಸಲಾಯಿತು, ಬಳಸಿದ ರೆಪೊಗಳ ಸೀಕ್ರೆಟ್‌ಗಳು ಬಿಲ್ಡ್ ಲಾಗಿನಲ್ಲಿ ಅಚ್ಚಾದವು. ಸಿವಿಇ-2025-30066 ಅದೇ. ‘ಯೂಸಸ್’ ಸಾಲಿನಲ್ಲಿ ವರ್ಷನ್ ಟ್ಯಾಗಿನ ಬದಲು 40 ಅಕ್ಷರಗಳ ಕಮಿಟ್ ಹ್ಯಾಷ್ ಬರೆಯಿರಿ, ವರ್ಷನ್ ಸಂಖ್ಯೆಯನ್ನು ಅದೇ ಸಾಲಿನ ಕೊನೆಗೆ ಕಾಮೆಂಟಾಗಿ ಇಡಿ. ಡಿಪೆಂಡಬಾಟ್ ಫೈಲಿಗೆ ‘ಗಿಟ್‌ಹಬ್-ಆಕ್ಷನ್ಸ್’ ಎಂಬ ಇಕೋಸಿಸ್ಟಮ್ ಸೇರಿಸಿದರೆ ಹ್ಯಾಷನ್ನೂ ಕಾಮೆಂಟನ್ನೂ ಅದೇ ಒಟ್ಟಿಗೆ ಏರಿಸುತ್ತದೆ. ‘ಪರ್ಮಿಷನ್ಸ್’ನಲ್ಲಿ ‘ಕಂಟೆಂಟ್ಸ್: ರೀಡ್’ ಒಂದೇ ಕೊಡಿ, ಸ್ಕ್ಯಾನರಿಗೆ ಬರೆಯುವ ಹಕ್ಕು ಯಾಕೆ?